ತಲೆವಸ್ತ್ರ ಕಟ್ಟಿದವಳು

ನಾರಿನ್ ಪಟ್ಟಣದ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಅತ್ತೆ ಅನಿಪಾಳಿಗೆ ಇನ್ನೊಂದು ಸಲ ಪಾಠ ಹೇಳಿಕೊಟ್ಟಳು. "ಹುಡುಗಿ ನಗ್ತಾ ಬಂದ್ಲು ಅನ್ನು, ನಗ್ತಾ ಕೂತ್ಲು ಅನ್ನು. ಜಾಸ್ತಿ ಬಾಯಿ ಬಿಡಬೇಡ. ಕುಬತ್ ನಿನ್ನ ಕೈಯಲ್ಲೇ ಬೆಳೆದ ಮೈದುನ ಕಣೇ."

ಹೋದ ವಾರ ಕುಬತ್ ಮತ್ತವನ ಇಬ್ಬರು ಗೆಳೆಯರು ನರ್ಸಿಂಗ್ ಓದುವ ಸೆಜಿಮ್‌ಳನ್ನು ಬಸ್ ನಿಲ್ದಾಣದಿಂದ ಕಾರಿಗೆ ಎಳೆದುಕೊಂಡು, ಕುಬತ್‌ನಿಗೆ ಮದುವೆ ಮಾಡಿಸಲೆಂದು ಮನೆಗೆ ತಂದಿದ್ದರು. ಸಂಜೆಯೊಳಗೆ ಅವಳ ಅಣ್ಣ ಪೊಲೀಸರೊಂದಿಗೆ ಬಂದಿದ್ದ. ಕುಬತ್ ಈಗ ಲಾಕಪ್ಪಿನಲ್ಲಿದ್ದ.

ಅನಿಪಾಳಿಗೆ ಹೆದರಿಕೆಯೇನೂ ಇರಲಿಲ್ಲ. ಅವಳನ್ನು ಕರೆದದ್ದು ಸಾಕ್ಷಿ ಹೇಳಲು. ಅಲ್ಲಿನ ರೂಢಿಯಲ್ಲಿ, ಹಾಗೆ ತಂದ ಹುಡುಗಿಯ ತಲೆಗೆ ಬಿಳಿ ವಸ್ತ್ರ ಕಟ್ಟಿದರೆ ಮದುವೆಗೆ ಒಪ್ಪಿದಂತೆ. ಕಟ್ಟುವುದರಲ್ಲಿ ಅನಿಪಾ ಎತ್ತಿದ ಕೈ, ಊರವರು ಮನೆಗೆ ಬಂದು ಕರೆಯುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ ಅವಳನ್ನೂ ಹೀಗೆಯೇ ತಂದಿದ್ದರು. ಆಗಿನ ಹೆಂಗಸರು ರಟ್ಟೆ ಚಿವುಟಿ ಕಟ್ಟಿದ್ದರು. ತಾನು ಹಾಗಲ್ಲ ಎಂದು ಅವಳಿಗೆ ಜಂಬ. ಜಂಬಪಡಲು ಮನುಷ್ಯರಿಗೆ ಏನೇನೋ ಸಿಗುತ್ತದೆ!

"ನೀವೇನು ಮಾಡಿದ್ರಿ, ಅಕ್ಕ?" ಎಂದಳು, ಅವಳನ್ನು ಒಳಗೆ ಕರೆದು ಕೂರಿಸಿದ ತನಿಖಾಧಿಕಾರಿ.

"ನಾನೇನು ಮಾಡ್ಲಿ ತಂಗಿ? ಕಾರಲ್ಲಿ ನಾನಿರಲಿಲ್ಲ. ಎಳೀಲೂ ಇಲ್ಲ. ಕಣ್ಣೀರು ಒರೆಸ್ದೆ, ಚಹಾ ಕೊಟ್ಟೆ, ವಸ್ತ್ರ ಕಟ್ದೆ. ನನ್ನಷ್ಟು ಮೆತ್ತಗೆ ಈ ಸೀಮೇಲಿ ಯಾರೂ ಕಟ್ಟಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟಳು. "ಅವಳಿಗೆ ಬೇಡ ಅಂತ ಗೊತ್ತಿದ್ದೂ ಕಟ್ಟಿದ್ರೆ ಅದು ಅಪರಾಧಕ್ಕೆ ನೆರವು. ಎಳೆದು ತಂದವನ ಜೊತೆ ನೀವೂ ಕಟಕಟೆಯಲ್ಲಿ ನಿಲ್ಲಬೇಕಾಗುತ್ತೆ. ಅವಳು ಬೇಡ ಅಂದಳಾ?"

ಜೈಲು! ಅನಿಪಾಳಿಗೆ ಮನೆಯಲ್ಲಿ ಇಬ್ಬರು ಮಕ್ಕಳಿದ್ದರು.

"ಇಲ್ಲ. ತುಟಿ ಪಿಟಕ್ ಅನ್ನಲಿಲ್ಲ."

"ಅವಳೂ ನಿಮ್ಮನ್ನು ದೂರಿಲ್ಲ. ಕೇಳಿ, ಹೀಗೆ ಬರೆದಿದ್ದಾಳೆ: 'ಆ ಮನೆಯಲ್ಲಿ ಒಬ್ಬ ಅತ್ತಿಗೆ ಮಾತ್ರ ನನ್ನ ಕಣ್ಣೀರು ಒರೆಸಿದರು. ಅವರಿಗೆ ಶಿಕ್ಷೆ ಕೊಡಬೇಡಿ.' ಇಲ್ಲಿ ಸಹಿ ಹಾಕಿ, ಮನೆಗೆ ಹೋಗಿ."

ಬದುಕಿಕೊಂಡೆ ಎಂದು ಅನಿಪಾಳಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಂದು ಸೆಜಿಮ್ ಅವಳ ಅಂಗಿಯಂಚು ಹಿಡಿದು ಪಿಸುಗುಟ್ಟಿದ್ದಳು: "ಅತ್ತಿಗೆ, ನಾಳೆ ನಂಗೆ ಪರೀಕ್ಷೆ. ಹಿಂದಿನ ಬಾಗಿಲು ಎಲ್ಲಿದೆ ಹೇಳಿ, ಸಾಕು." ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು. ಅನಿಪಾ ನಕ್ಕು, ಅವಳ ಕೂದಲು ನೇವರಿಸಿ, ಗಂಟು ಬಿಗಿದಿದ್ದಳು.

"ತಂಗಿ, ಬರ್ಕೊಳ್ಳಿ. ಅವಳು ಬೇಡ ಅಂದ್ಲು. ನನ್ನೊಬ್ಬಳ ಹತ್ರವೇ ಅಂದ್ಲು."

"ಇದನ್ನ ಬರೆದ್ರೆ ನೀವು ಸಾಕ್ಷಿಯಾಗಿ ಉಳಿಯಲ್ಲ, ಅಕ್ಕ. ಯೋಚನೆ ಮಾಡಿ."

"ನಾನು ಗದರಿಸಿದ್ದಿದ್ರೆ ಎದ್ದು ಓಡ್ತಿದ್ಲು. ಕಣ್ಣೀರು ಒರೆಸಿದ್ದಕ್ಕೇ ಕೂತ್ಲು."

ಅಧಿಕಾರಿ ಸಾಕ್ಷಿ ಹೇಳಿಕೆಯ ಹಾಳೆಯನ್ನು ಬದಿಗಿಟ್ಟು ಬೇರೊಂದನ್ನು ತೆಗೆದುಕೊಂಡಳು. ಹೆಸರನ್ನು ಮೊದಲಿನಿಂದ ಕೇಳಿದಳು.