ತಳದಲ್ಲಿ ಉಳಿದ ಪಟಿಕ

ನೂಲಿಗೆ ಬಣ್ಣ ಹಾಕುವ ಆ ಮನೆಯಲ್ಲಿ ಮಾವನ ಕೈಯೇ ಅಳತೆ. ಬಣ್ಣ ಕಚ್ಚಲಿ ಎಂದು ನೂಲನ್ನು ಮೊದಲು ಪಟಿಕವೆಂಬ ಉಪ್ಪಿನ ನೀರಿನಲ್ಲಿ ನೆನೆಸುತ್ತಿದ್ದರು. ತೊಟ್ಟಿಗೆ ಏಳು ಬೊಗಸೆ ಪುಡಿ, ಬೊಗಸೆಗೊಮ್ಮೆ ದೇವರ ಹೆಸರು. ನಲವತ್ತು ವರ್ಷ ಅದು ತಪ್ಪಿರಲಿಲ್ಲ. ಈ ತಿಂಗಳು ಮಾತ್ರ ನೂಲು ಕಲೆಕಲೆಯಾಗಿ ಏಳುತ್ತಿತ್ತು, ತೊಟ್ಟಿಯ ತಳದಲ್ಲಿ ಬಿಳಿ ಹರಳು ಕೂತಿರುತ್ತಿತ್ತು.

ಮಾವ ಯಾರನ್ನೂ ದೂರಲಿಲ್ಲ. ಕೈಗೆ ಲೆಕ್ಕ ತಪ್ಪಿತು, ದೇವರು ಸಾಕು ಅಂತಿದ್ದಾನೆ, ನಾಳೆಯಿಂದ ತೊಟ್ಟಿ ಕದಡುವ ಕೋಲು ನೀನೇ ಹಿಡಿ ಎಂದು ಸೊಸೆಗೆ ಹೇಳಿ, ಕೋಲನ್ನು ಮೂಲೆಗಿಟ್ಟು ಬಾಗಿಲ ಬಳಿ ಕೂತುಬಿಟ್ಟರು.

ಸೊಸೆಗೆ ಆ ಹರಳಿನ ಮೇಲೇ ಕಣ್ಣು. ನೀರು ಎಷ್ಟು ಪಟಿಕವನ್ನು ತಾನೇ ಕರಗಿಸಿಕೊಂಡೀತು? ಬಣ್ಣ ತೂಗುವ ಪುಟ್ಟ ತಕ್ಕಡಿ ತಂದಳು. ತೊಟ್ಟಿಯಿದ್ದ ಕೋಣೆಯಲ್ಲೇ ಕೂತು, ಲೋಟದಲ್ಲಿ ನೂರು ಗ್ರಾಂ ನೀರಿಗೆ ಮೂವತ್ತು ಗ್ರಾಂ ಪಟಿಕ ಹಾಕಿ, ಕೈ ಸೋಲುವವರೆಗೆ ಕದಡಿ, ಬಟ್ಟೆಯಲ್ಲಿ ಸೋಸಿ, ಉಳಿದದ್ದನ್ನು ತೂಗಿದಳು. ಇಪ್ಪತ್ತೈದು. ಕರಗಿದ್ದು ಐದೇ ಗ್ರಾಂ?

ಅತ್ತೆ ಇಣುಕಿ ನೋಡಿದರು. "ಒದ್ದೆ ಬಟ್ಟೆ ಸಮೇತ ತೂಗ್ತಿದ್ದೀಯಲ್ಲೇ, ಮಹರಾಯ್ತಿ."

ಸೊಸೆ ನಾಲಿಗೆ ಕಚ್ಚಿಕೊಂಡಳು. ಹರಳನ್ನು ಕಾಗದದ ಮೇಲೆ ಹರವಿ, ಗಾಳಿಗೆ ಆರಿಸಿ ಮತ್ತೆ ತೂಗಿದರೆ ಹದಿನೆಂಟು. ಮೂವತ್ತರಲ್ಲಿ ಅದನ್ನು ಕಳೆದರೆ, ಕರಗಿದ್ದು ಹನ್ನೆರಡು.

ಲೋಟ ಮುಟ್ಟಿದ ಬೆರಳಿಗೆ ಚಳಿ ತಾಗಿದಾಗ ಅವಳಿಗೆ ಹೊಳೆಯಿತು. ಹೊಗೆ ಕಾಟವೆಂದು ತೊಟ್ಟಿಯನ್ನು ಒಲೆಯ ಪಕ್ಕದಿಂದ ಮನೆಯ ಹಿಂಬದಿಯ ಈ ತಣ್ಣನೆಯ ಕೋಣೆಗೆ ಸಾಗಿಸಿ ತಿಂಗಳಾಗಿತ್ತು. ಹಟ ಮಾಡಿ ಸಾಗಿಸಿದವಳು ತಾನೇ. ಇನ್ನೊಂದು ಲೋಟವನ್ನು ಬೆಚ್ಚನೆಯ ನೀರಿನ ಪಾತ್ರೆಯಲ್ಲಿ ಕೂರಿಸಿ, ಅದೇ ಅಳತೆ ಹಾಕಿ ಕದಡಿ, ಬಿಸಿ ಆರುವ ಮೊದಲೇ ಸೋಸಿದಳು. ಒಣಗಿದ ಮೇಲೆ ಉಳಿದದ್ದು ಆರು. ಕರಗಿದ್ದು ಇಪ್ಪತ್ತನಾಲ್ಕು, ಸರಿಯಾಗಿ ಎರಡರಷ್ಟು.

ಹರಳು ಹರವಿದ್ದ ಎರಡು ಕಾಗದಗಳನ್ನೂ ಹಿಡಿದು ಬಾಗಿಲ ಬಳಿ ಹೋದಳು.

"ಮಾವ, ನಿಮ್ಮ ಕೈ ನೆಟ್ಟಗೇ ಇದೆ. ತೊಟ್ಟೀನ ತಣ್ಣಗಿರೋ ಕೋಣೆಗೆ ಹಾಕಿಸಿದ್ದು ನಾನು. ನಿಮ್ಮ ಏಳು ಬೊಗಸೆ ತಣ್ಣೀರಿಗೆ ಅರಗಲಿಲ್ಲ."

ಮಾವ ಆ ದೊಡ್ಡ ಗುಡ್ಡೆ, ಈ ಚಿಕ್ಕ ಗುಡ್ಡೆ ಎರಡನ್ನೂ ಬೆರಳಲ್ಲಿ ಮುಟ್ಟಿ ನೋಡಿದರು. "ಹಾಗಾದ್ರೆ ದೇವರು ಸಾಕು ಅಂದಿಲ್ಲ," ಎಂದರು. ಆಮೇಲೆ ಒಲೆಯ ಕಡೆ ನೋಡಿ, "ಕುದಿಯೋ ನೀರು ಎಷ್ಟು ತಗೊಳುತ್ತಮ್ಮ?"

ಅದು ಸೊಸೆಗೂ ಗೊತ್ತಿರಲಿಲ್ಲ.

ಮಾವ ಎದ್ದು, ಮೂಲೆಯ ಕೋಲನ್ನು ತೆಗೆದುಕೊಂಡು ಒಲೆಯ ಕಡೆ ನಡೆದರು. ನೀರು ಕುದಿ ಬಂದಾಗ ದೇವರ ಹೆಸರು ಹೇಳಿ ಸೊಸೆ ತೂಗಿಕೊಟ್ಟ ಮೊದಲ ಹಿಡಿ ಹಾಕಿ, ಪಾತ್ರೆಯ ತಳ ಕಾಣುವಂತೆ ಬಗ್ಗಿದರು. ತಕ್ಕಡಿ ಹಿಡಿದ ಸೊಸೆ ಪಕ್ಕದಲ್ಲೇ ಬಗ್ಗಿದಳು.