ಚೌರಪ್ಪನ ಕಪ್ಪು ಬಿಯರು

ಗಾಜಿನ ಲೋಟದಲ್ಲಿ ಇದ್ದಿಲಿನಂಥ ಕಪ್ಪು ಬಿಯರು, ಅದರ ಮೇಲೆ ಬೆಲ್ಲದ ಬಣ್ಣದ ನೊರೆ. ಚೌರಪ್ಪ ಅದನ್ನು ನನ್ನ ಮೇಜಿನ ಮೇಲಿಟ್ಟು, "ಚೆಲ್ಲೋಕೆ ಮುಂಚೆ ಒಂದು ಗುಟುಕು ಕುಡಿದು ನೋಡಿ ಸಾರ್," ಎಂದ.

ಊರಿನ ಬಿಯರ್ ಕಾರ್ಖಾನೆಯಲ್ಲಿ ಆಗ ನಾನು ರುಚಿ ಪರೀಕ್ಷಕನಾಗಿದ್ದೆ. ಚೌರಪ್ಪ ಬಾರ್ಲಿ ಹುರಿಯುತ್ತಿದ್ದ. ನಮ್ಮಲ್ಲಿ ತಯಾರಾಗುತ್ತಿದ್ದುದು ಹೊಂಬಣ್ಣದ ತಿಳಿ ಬಿಯರೊಂದೇ. ತಿಂಗಳ ಹಿಂದೆ ಅವನು ಮೇಲಿನವರನ್ನು ಕೇಳದೆ ಬಾರ್ಲಿಯನ್ನು ಕಪ್ಪಗೆ ಹುರಿದು, ಕುದಿಸುವವರನ್ನು ಒಪ್ಪಿಸಿ, ಒಂದು ಪೀಪಾಯಿ ಬಿಯರ್ ಮಾಡಿಸಿದ್ದ. ಮ್ಯಾನೇಜರ್ ರಂಗಧಾಮರು ಬಣ್ಣ ಕಂಡೇ ಕೆರಳಿದ್ದರು. "ಕೆಟ್ಟಿದೆ ಅಂತ ಬರೆದುಕೊಡಿ," ಎಂದು ಬೆಳಿಗ್ಗೆ ನನಗೆ ಹೇಳಿದ್ದರು.

ಲೋಟವನ್ನು ತುಟಿಗಿಟ್ಟೆ. ಮೊದಲು ಹದವಾದ ಕಹಿ, ಆಮೇಲೆ ಹುರಿದ ರಾಗಿಯ ಕಂಪು, ಕೊನೆಗೆ ನಾಲಿಗೆಯ ಬುಡದಲ್ಲಿ ಸಣ್ಣ ಸಿಹಿ. ಇಂಥ ಬಿಯರಿಗೆ ಸ್ಟೌಟ್ ಎಂಬ ಹೆಸರಿದೆಯೆಂದು ನನಗೆ ಗೊತ್ತಾದದ್ದು ಬಹಳ ದಿನಗಳ ನಂತರ. ಆ ಮೊದಲ ಗುಟುಕಿನಿಂದೀಚೆಗೆ ನನಗೆ ಬೇರೆ ಬಿಯರು ರುಚಿಸಿಲ್ಲ.

ನಾನು ಲೋಟ ಹಿಡಿದು ರಂಗಧಾಮರ ಕೋಣೆಗೆ ಓಡಿದೆ. ಅವರು ಕುಡಿದರು. ಲೋಟ ಖಾಲಿ ಮಾಡಿದರು. "ಪೀಪಾಯಿ ಇರಲಿ. ನಿಮ್ಮ ವರದಿಯೂ ಇರಲಿ," ಎಂದರು.

ಮರುದಿನ ಚೌರಪ್ಪನನ್ನು ಕೆಲಸದಿಂದ ತೆಗೆದರು. ಬಾಯಿಗೆ ಒಂದು ಹನಿಯೂ ಹಾಕಿಕೊಳ್ಳದೆ, 'ಕುಡಿಯಲು ಯೋಗ್ಯವಲ್ಲ' ಎಂದು ಹಿಂದಿನ ಬೆಳಿಗ್ಗೆಯೇ ವರದಿಗೆ ರುಜು ಹಾಕಿದ್ದವನು ನಾನು. ಹಾಗಿದ್ದೂ ಸುಮ್ಮನಿದ್ದೆ.

ನಾಲ್ಕು ತಿಂಗಳಾದ ಮೇಲೆ ಕ್ಲಬ್ಬಿನಲ್ಲಿ ಅದೇ ಬಿಯರಿನ ಬಿಡುಗಡೆ ನಡೆಯಿತು. "ಇದು ನನ್ನ ಹತ್ತು ವರ್ಷದ ಪ್ರಯೋಗದ ಫಲ," ಎಂದು ರಂಗಧಾಮರು ಕೈ ಮುಗಿದರು. ಸಭೆ ಚಪ್ಪಾಳೆ ತಟ್ಟಿತು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಎದ್ದು ನಿಂತೆ. "ಸುಳ್ಳು. ಇದನ್ನು ಮಾಡಿಸಿದವನು ಚೌರಪ್ಪ. ಅವನನ್ನು ಕೆಲಸದಿಂದ ತೆಗೆಸಿದ್ದು ನಾನು ಕುಡಿಯದೆ ಬರೆದ ವರದಿ," ಎಂದೆ.

ರಂಗಧಾಮರು ನಕ್ಕರು. "ಸ್ವಲ್ಪ ಜಾಸ್ತಿ ಕುಡಿದಿದಾರೆ, ಪಾಪ." ಇಡೀ ಸಭೆ ಅವರೊಂದಿಗೆ ನಕ್ಕಿತು. ಮರುದಿನ ನನ್ನ ಕೆಲಸವೂ ಹೋಯಿತು.

ಚೌರಪ್ಪ ಆಗ ಪೇಟೆಯ ಹುರಿಗಡಲೆ ಭಟ್ಟಿಯಲ್ಲಿದ್ದ. ನಾನು ಅಲ್ಲಿಗೆ ಹೋಗಿ ನಡೆದುದನ್ನೆಲ್ಲ ಹೇಳಿದೆ. ಅವನು ಮೆಚ್ಚಿಯಾನೆಂದು ನಿರೀಕ್ಷಿಸಿದ್ದೆನೋ ಏನೋ.

"ಅವತ್ತೇ ಬಾಯಿ ಬಿಡಬೇಕಿತ್ತು ಸಾರ್," ಎಂದನು. ಅವನ ದನಿ ಏರಿರಲಿಲ್ಲ. "ಇಪ್ಪತ್ತೆರಡು ವರ್ಷ ಹುರಿದಿದ್ದೆ ಅಲ್ಲಿ. ಕೆಡಿಸಿದೋನು ಅನ್ನಿಸಿಕೊಂಡು ಆಚೆ ಬಂದೆ."

ಅವನು ಬಾಣಲೆಯ ಕಡೆಗೆ ತಿರುಗಿದ. ಕಾದ ಮರಳಿನಲ್ಲಿ ಕಡಲೆಗಳು ಒಂದೊಂದಾಗಿ ಸಿಡಿಯತೊಡಗಿದವು.