ಕಮಾನು ನೋಡಿ ಕಾಲೇಜು ಹಿಡಿದ ಆವಲಪ್ಪ

ನಾಗಸಂದ್ರದ ಆವಲಪ್ಪನವರನ್ನು ಕೇಳದೆ ಆ ಸುತ್ತಿನಲ್ಲಿ ಯಾರೂ ಸೈಟು ಕೊಳ್ಳುವುದಿಲ್ಲ. ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೆದವರು, ಈಗ ಬಾಡಿಗೆ ಮನೆಗಳ ಮಾಲೀಕರು. ಸೈಟು ನೋಡುವುದಕ್ಕೆ ಅವರದೇ ಒಂದು ಕ್ರಮವಿದೆ. ಮೊದಲು ಎದುರಿನ ಟೀ ಅಂಗಡಿಯಲ್ಲಿ ಕೂತು ಅಲ್ಲಿಯವರ ಬಾಯಿ ಬಿಡಿಸುವುದು, ಆಮೇಲೆ ಮೂಲಪತ್ರ ಕೇಳುವುದು, ಕೊನೆಗಷ್ಟೇ ಜಾಗಕ್ಕೆ ಕಾಲಿಡುವುದು. ಇಂಥ ಗಟ್ಟಿ ಆಸಾಮಿ ಸ್ವಂತ ಮಗಳ ವಿಷಯದಲ್ಲಿ ಮುಗ್ಗರಿಸಿದ್ದು ಹೇಗೆ, ಕೇಳಿ.

ಮೆಟ್ರೋ ನಾಗಸಂದ್ರಕ್ಕೆ ಬಂದ ವರ್ಷ. ಮಗಳು ಲಾವಣ್ಯ ಪಿಯುಸಿ ಮುಗಿಸಿದ್ದಳು. ಕರಿ ಕೋಟು ಹಾಕಿ ಕೋರ್ಟಿನಲ್ಲಿ ವಾದ ಮಾಡಬೇಕು ಅನ್ನುವುದೊಂದೇ ಅವಳ ಆಸೆ. ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಓದಿದವರಿಲ್ಲ. ಆವಲಪ್ಪನವರಿಗಂತೂ ಹಿಗ್ಗೋ ಹಿಗ್ಗು.

“ಲಾವಣ್ಯಾ, ಬಾರಮ್ಮ! ನಿಂಗೆ ಕಾಲೇಜು ನೋಡ್ಕೊಂಡು ಬಂದ್ಬಿಟ್ಟೆ. ಸೋಮವಾರ ಓಗಿ ದುಡ್ಡು ಕಟ್ಟಿದ್ರೆ ಸೀಟು ನಮ್ದೇ.”

“ಯಾವ ಕಾಲೇಜಪ್ಪಾ?”

“ತುಮಕೂರು ರಸ್ತೇಲಿ ಒಸದಾಗಿ ಕಟ್ಟವ್ರಲ್ಲ, ಅದೇ. ಎಂಥಾ ಕಮಾನು ಅಂತೀಯ! ನೆಲಕ್ಕೆಲ್ಲ ಗ್ರಾನೈಟು, ಲಿಫ್ಟ್ ಐತೆ, ಏಸಿ ಐತೆ. ಟೈ ಕಟ್ಕೊಂಡಿರೋ ಸಾರು ನಂಗೆ ಬಾದಾಮಿ ಆಲು ಕುಡಿಸಿದ್ರು.”

“ಆಲು ಕುಡಿದು ಬಂದ್ರಾ? ಮೇಷ್ಟ್ರುಗಳು ಎಂಗವ್ರೆ ಅಂತ ಕೇಳಿದ್ರಾ?” ಅಂದರು ಹೆಂಡತಿ ಸುಬ್ಬಲಕ್ಷ್ಮಮ್ಮ.

“ಕಟ್ಟಡನೇ ಅಂಗಿದ್ಮೇಲೆ ಮೇಷ್ಟ್ರು ಕೆಟ್ಟೋಗಿರ್ತಾರಾ? ಸುಮ್ನಿರೇ.”

ಮಗಳ ಮುಖ ಯಾಕೆ ಅರಳಲಿಲ್ಲ ಅನ್ನುವುದು ಆವಲಪ್ಪನವರಿಗೆ ಹೊಳೆಯಲಿಲ್ಲ. ಲಾವಣ್ಯ ಮಾತ್ರ ಸುಮ್ಮನಿರಲಿಲ್ಲ. ಅವರ ಮನೆಯ ಮಹಡಿಯಲ್ಲೇ ವಕೀಲೆ ಶ್ಯಾಮಲಾ ಬಾಡಿಗೆಗಿದ್ದಳು. ಸಂಜೆ ಅವಳು ಕೋರ್ಟಿನಿಂದ ಬಂದು ಗೇಟು ತೆಗೆಯುತ್ತಿದ್ದ ಹಾಗೆಯೇ ಲಾವಣ್ಯ ವಿಷಯ ಹೇಳಿ, ಅವಳ ಕೈ ಹಿಡಿದು ಒಳಗೆ ಕರೆತಂದಳು.

“ಆ ಕಾಲೇಜಿಗೆ ಬಾರ್ ಕೌನ್ಸಿಲ್ ಒಪ್ಪಿಗೆ ಇದೆಯಾ ಅಂಕಲ್?” ಶ್ಯಾಮಲಾ ಕೇಳಿದಳು.

“ಅದೆಂಥದಮ್ಮ?”

“ದೇಶದ ವಕೀಲರಿಗೆಲ್ಲ ಮೇಲಿರೋ ಸಂಸ್ಥೆ. ಅವರು ಒಪ್ಪಿರೋ ಕಡೆ ಓದಿದ್ರೆ ಮಾತ್ರ ಕರಿ ಕೋಟು. ಇಲ್ದಿದ್ರೆ ಐದು ವರ್ಷ ಕಷ್ಟಪಟ್ಟು ಓದಿದ್ರೂ ಲಾವಣ್ಯನ್ನ ವಕೀಲೆ ಅಂತ ನೋಂದಾಯಿಸ್ಕೊಳಲ್ಲ.”

“ಅಷ್ಟು ದೊಡ್ಡ ಕಟ್ಟಡ ಕಟ್ಟಿರೋರು ಒಪ್ಪಿಗೆ ಇಲ್ದೆ ಕಟ್ತಾರಾ?”

“ಹೋಗ್ಲಿ ಬಿಡಿ. ನೀವು ಸೈಟ್ ತಗೊಳೋವಾಗ ಏನು ನೋಡ್ತೀರಾ? ಲೇಔಟಿನ ಕಮಾನಾ, ಮೂಲಪತ್ರಾನಾ?”

“ಕಮಾನು ನೋಡಿ ಸೈಟು ತಗೊಳೋನು ಶುದ್ಧ ಪೆದ್ದ ಕಣಮ್ಮ!” ಆವಲಪ್ಪ ಎದೆಯುಬ್ಬಿಸಿ ಹೇಳಿದರು.

ಸುಬ್ಬಲಕ್ಷ್ಮಮ್ಮ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡರೂ ನಗು ತಡೆಯಲಾಗಲಿಲ್ಲ. ಆವಲಪ್ಪ ತಲೆ ಕೆರೆದುಕೊಂಡರು.

“ಪಾಠ ನಡೆಯೋ ದಿನಾನೇ ಹೋಗಿ ಅಂಕಲ್. ಓದ್ತಿರೋ ಮಕ್ಕಳನ್ನ ಮಾತಾಡಿಸಿ. ಲೈಬ್ರರಿ ಬಾಗಿಲು ತೆಗೆದಿದೆಯಾ ನೋಡಿ. ಅಣಕು ನ್ಯಾಯಾಲಯ ಮಾಡ್ತಾರಾ ಕೇಳಿ. ಮಕ್ಕಳೇ ವಕೀಲರ ಥರ ನಿಂತು ವಾದ ಮಾಡಿ ಕಲಿಯೋದು ಅಲ್ಲೇ,” ಅಂದಳು ಶ್ಯಾಮಲಾ.

ಸೋಮವಾರ ಅಪ್ಪ ಮಗಳು ಹೊರಟರು. ಈ ಸಲ ಆವಲಪ್ಪ ಕ್ರಮ ತಪ್ಪಲಿಲ್ಲ. ಕಾಲೇಜಿನ ಎದುರು ಟೀ ಅಂಗಡಿಯಲ್ಲಿ ಕೂತರು. ಕೊರಳಿಗೆ ಕಾಲೇಜಿನ ಐಡಿ ಕಾರ್ಡು ಹಾಕಿಕೊಂಡ ಹುಡುಗರ ಗುಂಪೊಂದು ಅಲ್ಲೇ ಹರಟುತ್ತಿತ್ತು.

“ಕ್ಲಾಸ್ ಇಲ್ವೇನ್ರಪ್ಪಾ?”

“ಮೇಷ್ಟ್ರು ಬಂದ್ರೆ ತಾನೇ ಅಂಕಲ್ ಕ್ಲಾಸು? ಆರಾಮ್ ಕಾಲೇಜು ಬಿಡಿ, ಅಟೆಂಡೆನ್ಸ್ ಅವರೇ ಹಾಕ್ಕೋತಾರೆ!”

ಆವಲಪ್ಪ ಅರ್ಧ ಟೀ ಬಿಟ್ಟು ಎದ್ದರು. ನೇರ ಆಫೀಸಿಗೆ ಹೋಗಿ ಬಾರ್ ಕೌನ್ಸಿಲ್ ಒಪ್ಪಿಗೆ ತೋರಿಸಿ ಅಂದರು.

“ಅಪ್ಲೈ ಮಾಡಿದೀವಿ ಸಾರ್, ಇನ್ನೇನು ಬಂದ್ಬಿಡುತ್ತೆ. ಬಾದಾಮಿ ಹಾಲು ತರಿಸ್ಲಾ?” ಟೈ ಕಟ್ಟಿದವರು ಹಲ್ಲು ಕಿರಿದರು.

ಇನ್ನೇನು ಬಂದುಬಿಡುತ್ತದೆ! ಕೆರೆ ಅಂಗಳದಲ್ಲಿ ಕಲ್ಲು ನೆಟ್ಟು ಸೈಟು ಮಾರುವವರ ಬಾಯಲ್ಲಿ ಈ ಮಾತನ್ನು ಅವರು ಎಷ್ಟು ಸಲ ಕೇಳಿಲ್ಲ!

“ಆಲು ನೀವೇ ಕುಡೀರಿ,” ಅಂದವರೇ ಹೊರಗೆ ಬಂದರು. ಕಮಾನಿನ ಕೆಳಗೆ ನಿಂತು ಮಗಳ ಕಡೆ ತಿರುಗಿದರು. “ತಪ್ಪಾಯ್ತು ಕಣವ್ವ. ಒಂದು ತುಂಡು ಮಣ್ಣಿಗೆ ಮಾಡೋ ವಿಚಾರಣೆ ನಿಂಗೆ ಮಾಡ್ಲಿಲ್ವಲ್ಲ ನಾನು.”

“ಬಾರಪ್ಪ, ಇನ್ನೂ ಏನೂ ಕೆಟ್ಟಿಲ್ಲ. ರಾಜಾಜಿನಗರದ ಕಡೆ ಒಂದಿದೆಯಂತೆ. ಒಪ್ಪಿಗೆ ಪಟ್ಟೀಲಿ ಹೆಸರಿದೆ ಅಂತ ಶ್ಯಾಮಲಕ್ಕ ನೋಡಿ ಹೇಳಿದ್ದಾರೆ.”

ಮೆಟ್ರೋದಲ್ಲಿ ಹೋದರು. ಹಳೇ ಕಟ್ಟಡ, ಕಮಾನಿಲ್ಲ, ಗೇಟಿನ ಬಣ್ಣ ಎದ್ದುಹೋಗಿದೆ. ಎದುರಿನ ಟೀ ಅಂಗಡಿ ಖಾಲಿ.

“ಮಕ್ಕಳು ಬರಲ್ವೇನಪ್ಪಾ?”

“ಎಲ್ಲಿ ಸಾರ್! ಕ್ಲಾಸಿಂದ ಬಿಡೋದೇ ಇಲ್ಲ. ನನ್ನ ವ್ಯಾಪಾರ ಹಾಳು,” ಗೊಣಗಿದ ಅಂಗಡಿಯವನು. ಆವಲಪ್ಪನವರಿಗೆ ಅವನನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು.

ಒಳಗೆ ಅಣಕು ನ್ಯಾಯಾಲಯ ನಡೆದಿತ್ತು. ನೋಟಿಸು ಕೊಡದೆ ಬಾಡಿಗೆದಾರರನ್ನು ಹೊರಗೆ ಹಾಕಿದ ಮಾಲೀಕನ ಮೇಲೆ ಹುಡುಗಿಯೊಬ್ಬಳು ಕೆಂಡ ಕಾರುತ್ತಿದ್ದಳು. ಲಾವಣ್ಯ ಕಿಟಕಿಯ ಸರಳು ಹಿಡಿದು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

“ಅಯ್ಯೋ, ಮಾಲೀಕನ ಕಡೆಗೂ ಯಾರಾದ್ರೂ ಮಾತಾಡ್ರಪ್ಪ!” ಆವಲಪ್ಪ ಪಿಸುಗುಟ್ಟಿದರು.

“ನಾನಂತೂ ಬಾಡಿಗೆದಾರರ ಕಡೆ ಅಪ್ಪಾ,” ಲಾವಣ್ಯ ನಕ್ಕಳು. ಆ ನಗು ನೋಡಿದ ಮೇಲೆ ಅವರಿಗೆ ಬೇರೆ ಕಾಲೇಜಿನ ಮಾತೇ ಬೇಡವಾಯಿತು. ಆದರೂ ಒಪ್ಪಿಗೆ ಪತ್ರ, ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಅನ್ನುವುದು, ಎರಡನ್ನೂ ಕೇಳಿ ನೋಡಿಯೇ ಮಗಳನ್ನು ಸೇರಿಸಿದರು.

ನಿಮ್ಮ ಮನೆಯಲ್ಲೂ ಕರಿ ಕೋಟಿನ ಕನಸು ಕಾಣುವ ಮಗನೋ ಮಗಳೋ ಇದ್ದಾರೆಯೇ? ಹಾಗಿದ್ದರೆ ದುಡ್ಡು ಕಟ್ಟುವ ಮೊದಲು ಬಾರ್ ಕೌನ್ಸಿಲ್ ವೆಬ್‌ಸೈಟಿನಲ್ಲಿ ಕಾಲೇಜಿನ ಹೆಸರು ಹುಡುಕಿ. ಇಂಟರ್‌ನೆಟ್ ಗೊತ್ತಿಲ್ಲದಿದ್ದರೆ ಪರಿಚಯದ ವಕೀಲರನ್ನು ಕೇಳಿ, ಕೇಳುವುದಕ್ಕೆ ಸಂಕೋಚ ಬೇಡ. ಪಾಠ ನಡೆಯುವ ದಿನ ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅದರ ಮುಖವನ್ನೂ ಒಂದು ಸಲ ನೋಡಿ. ಸೈಟು ಕೈಬಿಟ್ಟುಹೋದರೆ ಇನ್ನೊಂದು ಕೊಳ್ಳಬಹುದು. ಮಕ್ಕಳ ಐದು ವರ್ಷ ಯಾವ ಲೇಔಟಿನಲ್ಲೂ ಸಿಗುವುದಿಲ್ಲ.